ಬಳಕೆದಾರರ ಸಹಿ

ಏಪ್ರಿಲ್ ಎರಡನೇ ವಾರ. ಬೆಳಿಗ್ಗೆ ಏಳಕ್ಕೇ ಗೋಡೆಗಳು ಬಿಸಿಯಾಗಿದ್ದವು. ವನಜಾಕ್ಷಿ ಹಜಾರದಲ್ಲಿದ್ದ ಕೂಲರನ್ನು ದರದರ ಎಳೆದುಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ನಿಲ್ಲಿಸಿದಳು. ಮನುಷ್ಯರೇ ಬೇಯುವ ನಾಗಪುರದ ಬಿಸಿಲಿನಲ್ಲಿ ಯಂತ್ರಕ್ಕೆ ಗಾಳಿ ಹಾಕುವ ಹೆಂಗಸು ಊರಿಗೆ ಅವಳೊಬ್ಬಳೇ ಇದ್ದಾಳು.

“ಅವ್ವಾ, ಏನಿದು? ಅಂಗಿ ಹಾಕ್ಕೊಳ್ಳೂದ್ರಾಗ ನನಗ ಇನ್ನೊಮ್ಮೆ ಜಳಕ ಆತು,” ಎಂದು ಮಗ ನಂದೀಶ ಹಜಾರದಿಂದ ಕೂಗಿದ. ಹಿಂಗಣಾದ ಕಾರ್ಖಾನೆಗೆ ಹೋಗುವ ಬಸ್ಸು ಏಳೂವರೆಗೆ ಬರುತ್ತದೆ, ಅಷ್ಟರೊಳಗೆ ಅವನಿಗೆ ಎಲ್ಲದರ ಮೇಲೂ ಸಿಟ್ಟು ಬಂದು ಹೋಗಿರುತ್ತದೆ.

“ಹತ್ತು ನಿಮಿಷ ತಡಕೋಪಾ. ಗಾಳಿ ಇಲ್ಲಂದ್ರ ಇದು ಬಂದ್ ಬೀಳತೈತಿ. ಕಲಾವತಿಬಾಯಿ ಮಗನ ಲಗ್ನದ ಕಾರ್ಡು ಅರ್ಧಕ್ಕ ನಿಂತೈತಿ.”

“ಆ ಡಬ್ಬಾ ಒಗೀಬೇಕವ್ವಾ. ಹನ್ನೊಂದು ವರ್ಷ ಆತು.”

ಡಬ್ಬಾ ಅಂದದ್ದು ವನಜಾಕ್ಷಿಗೆ ಹಿಡಿಸಲಿಲ್ಲ. ಹನ್ನೊಂದು ವರ್ಷದ ಹಿಂದೆ ಅದನ್ನು ತಂದದ್ದು ನಂದೀಶನ ನೌಕರಿ ಪರೀಕ್ಷೆಗಳಿಗೆ. ಪರೀಕ್ಷೆಗಳು ಮುಗಿದವು, ಕೆಲಸ ಸಿಕ್ಕಿತು, ಮುಂದೆ ಅವನಿಗೆ ಫೋನೇ ಸಾಕಾಯಿತು. ಕಂಪ್ಯೂಟರು ಹಜಾರದಿಂದ ಮಲಗುವ ಕೋಣೆಗೆ, ಅಲ್ಲಿಂದ ಅಡುಗೆಮನೆಗೆ ಸರಿದು, ಹಿಟ್ಟಿನ ಡಬ್ಬಿಗಳ ಪಕ್ಕದಲ್ಲಿ ವನಜಾಕ್ಷಿಯ ಪಾಲಿಗೆ ಬಂತು. ಮದುವೆಗೆ ಮುಂಚೆ ಗದಗಿನಲ್ಲಿ ಅವಳು ಕನ್ನಡ ಟೈಪಿಂಗ್ ಜೂನಿಯರ್ ಪಾಸಾಗಿದ್ದಳು. ಗಂಡನ ಕೈ ಹಿಡಿದು ನಾಗಪುರಕ್ಕೆ ಬಂದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತ್ತು. ಒಂದು ದಿನ ಪರಿಚಯದವರೊಬ್ಬರಿಗೆ ಗೃಹಪ್ರವೇಶದ ಕಾರ್ಡು ಕನ್ನಡದಲ್ಲಿ ಬೇಕಾಯಿತು. ಮಹಾಲ್ ಪೇಟೆಯ ಯಾವ ಪ್ರೆಸ್ಸಿನಲ್ಲೂ ಕನ್ನಡ ಬರೆಯುವವರಿರಲಿಲ್ಲ. ವನಜಾಕ್ಷಿ ಹಳೆಯ ಟೈಪ್‌ರೈಟರಿನ ಕೀಲಿಗಳಂತೆಯೇ ನಡೆಯುವ ಒಂದು ಕನ್ನಡ ಸಾಫ್ಟ್‌ವೇರು ಹಾಕಿಸಿಕೊಂಡು ಕೂತಳು. ಮೂವತ್ತು ವರ್ಷ ಸುಮ್ಮನಿದ್ದ ಬೆರಳುಗಳು ದಾರಿ ಮರೆತಿರಲಿಲ್ಲ.

ಅಲ್ಲಿಂದ ಶುರುವಾದದ್ದು. ರೈಲ್ವೆಯವರು, ಬ್ಯಾಂಕಿನವರು, ಆಯುಧ ಕಾರ್ಖಾನೆಯವರು, ಊರಿನ ಕನ್ನಡದವರ ಮನೆಯಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ತೀರಿಕೊಂಡವರ ವರ್ಷಾಂತಿಕವಿರಲಿ, ಕಾರ್ಡೆಂದರೆ ವನಜಾಕ್ಷಿಬಾಯಿ. ಮಹಾಲ್‌ನ ಗಭಣೆ ಎಂಬ ಪ್ರೆಸ್ಸಿನವರು ಕನ್ನಡದ ಗಿರಾಕಿ ಬಂದರೆ ಬೇರೆ ಮಾತೇ ಆಡದೆ ಅವಳ ನಂಬರು ಬರೆದುಕೊಡುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಫೋಲ್ಡರು. ಅದರಲ್ಲಿ ಆ ಮನೆಯ ಹಿರಿಯರ ಹೆಸರು, ಮನೆದೇವರು, ಯಾರ ಹೆಸರಿನ ಮುಂದೆ ಲಿಂಗೈಕ್ಯ ಹಾಕಬೇಕು, ಯಾವ ಸೋದರಮಾವನ ಹೆಸರು ಮೇಲೆ ಬರದಿದ್ದರೆ ಊಟ ಬಿಟ್ಟು ಹೋಗುತ್ತಾನೆ, ಎಲ್ಲವೂ ಇತ್ತು. ಮನೆಯವರು ಮಾತ್ರ ಅದನ್ನು “ಅವ್ವನ ಟೈಂಪಾಸ್” ಎನ್ನುತ್ತಿದ್ದರು.

ಆ ಬೆಳಿಗ್ಗೆ ಕೂಲರಿನ ಗಾಳಿಗೂ ಮಣಿಯದೆ ಯಂತ್ರ ಕಪ್ಪಾಗಿ ಕೂತಿತು. ಮರುದಿನ ನಸುಕಿನಲ್ಲಿ ತಾನಾಗಿಯೇ ಎದ್ದಿತಾದರೂ, ಅಷ್ಟರೊಳಗೆ ಅದರ ತೀರ್ಪು ಆಗಿಹೋಗಿತ್ತು.

ತೀರ್ಪು ಕೊಟ್ಟವರು ವನಜಾಕ್ಷಿಯ ಗಂಡ ಬಸವಂತ. ಆಯುಧ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯ ನಂತರ ಆರು ವರ್ಷದಿಂದ ಅವರಿಗೆ ಖರೀದಿಸಲು ತರಕಾರಿ ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಆ ರಾತ್ರಿ ರೊಟ್ಟಿ ಝುಣಕದ ಊಟದ ನಡುವೆ ಅವರ ಮುಖ ಬೆಳಗಿತು.

“ಇದು ದುರಸ್ತಿಗೆ ಮೀರಿದ ಸಾಮಾನು. ಹೊಸಾದು ತಗೋಬೇಕು. ಆದರ ಮಂದಿ ತಗೊಂಡಂಗ ಅಲ್ಲ, ಪದ್ಧತಿ ಪ್ರಕಾರ,” ಎಂದು ಎಡಗೈಯಲ್ಲಿ ಬಿಳಿಹಾಳೆ ಎಳೆದುಕೊಂಡರು. “ಖರೀದಿ ಸಮಿತಿ ಮಾಡೂಣು. ನಂದೀಶಾ, ನೀ ತಾಂತ್ರಿಕ ಸದಸ್ಯ. ಹೇಮಲತಾ, ನೀ ಹಣಕಾಸು. ನಾ ಅಧ್ಯಕ್ಷ.”

“ಮಾವಾರ, ಒಂದು ಕಂಪ್ಯೂಟರಿಗೆ ಸಮಿತಿ ಯಾಕ್ರೀ? ಆನ್‌ಲೈನ್ ಹಚ್ಚಿದ್ರ ನಾಡಿದ್ದು ಬಾಗಲಿಗೆ ಬರತೈತಿ,” ಎಂದಳು ಸೊಸೆ ಹೇಮಲತಾ. ರಾಮದಾಸಪೇಠ್‌ನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನವಿಡೀ ರೋಗಿಗಳ ಜೊತೆ ಮಾತಾಡಿ ಬಂದವಳು ಮನೆಯಲ್ಲಿ ಮಾತು ಉಳಿಸುತ್ತಿದ್ದಳು.

“ಬಂದ ಮ್ಯಾಲೆ ಕೆಟ್ರ ಯಾರನ್ನ ಹಿಡೀತಿ? ಕೇಳಿಲ್ಲಿ. ಒಮ್ಮೆ ನಮ್ಮಲ್ಲಿ ಒಂದು ಟ್ರಕ್ ಕೈಗವಸು ಬಂದು ಗೇಟಿಗೆ ನಿಂತಿತ್ತು. ಮಾಲು ಚಲೋ ಇತ್ತು, ದರ ಕಡಿಮಿ ಇತ್ತು. ಆದರ ಕಾಗದದ ಮ್ಯಾಲೆ ಬಳಕೆದಾರರ ಸಹಿ ಇರಲಿಲ್ಲ. ಯಾರ ಕೈಗೆ ಹಾಕ್ಕೋತಾರ, ಅವ್ರು ಬೇಕು ಅಂತ ಬರದಿರಬೇಕು. ಎರಡು ದಿನ ನಾ ಗೇಟು ತಗೀಲಿಲ್ಲ.”

ಈ ಕೈಗವಸಿನ ಟ್ರಕ್ಕನ್ನು ವನಜಾಕ್ಷಿ ವರ್ಷಕ್ಕೆ ನಾಲ್ಕು ಸಲವಾದರೂ ಗೇಟಿನಲ್ಲಿ ನಿಂತದ್ದು ಕೇಳಿದ್ದಾಳೆ. ಮುಂದಿನದೂ ಅವಳಿಗೆ ಬಾಯಿಪಾಠ.

“ಬಂದ ಮಾಲಿಗೆ ಮೂರು ಗತಿ,” ಬಸವಂತರು ಬೆರಳು ಮಡಚಿದರು. “ಒಂದು, ಅಂಗೀಕೃತ. ಎರಡು, ತಿರಸ್ಕೃತ. ಮೂರು, ಕೊರತೆಯೊಡನೆ ಅಂಗೀಕೃತ. ಅಂದ್ರ ಮಾಲು ಬರೋಬರ್ ಇಲ್ಲ, ಆದ್ರ ಬಿಟ್ರ ಕೆಲಸ ನಡಿಯಂಗಿಲ್ಲ. ಆವಾಗ ಬಳಸಾವ್ರು ತಮ್ಮ ಕೈಯಿಂದ ಕೊರತಿ ಬರೀತಾರ, ಅದರ ಕೆಳಗ ಖರೀದಿ ಮಾಡಿದಾವ ತಲಿ ತಗ್ಗಿಸಿ ಸಹಿ ಹಾಕಬೇಕು. ಮೂವತ್ನಾಕು ವರ್ಷದಾಗ ಅಂಥಾ ಒಂದು ಸಹಿ ನಾ ಹಾಕಿಲ್ಲ.”

ಆಮೇಲೆ ಅಗತ್ಯಗಳ ಪಟ್ಟಿ ಶುರುವಾಯಿತು. ಎಂಟನೇ ತರಗತಿಯ ಮೊಮ್ಮಗಳು ಸೌಜನ್ಯಾ ಬಾಯಲ್ಲಿ ತುತ್ತಿಟ್ಟುಕೊಂಡೇ, “ಅಜ್ಜಾ, ಗ್ರಾಫಿಕ್ಸ್ ಕಾರ್ಡ್ ಪಾಯಿಜೆ. ಇಲ್ಲಂದ್ರ ಕಾಯ್ ಫಾಯದಾ?” ಎಂದು ಮರಾಠಿ ಬೆರೆಸಿ, ಅದು ಬೇಕೇ ಬೇಕೆಂದಳು. ನಂದೀಶನಿಗೆ ಬಿಲ್ಲು, ಟಿಕೆಟ್ಟು. ಹೇಮಲತಾಳಿಗೆ ಅಷ್ಟಿಷ್ಟು ಲ್ಯಾಬಿನ ಹಾಳೆ. ಬಸವಂತರಿಗೆ ಪಿಂಚಣಿಯ ಸ್ಲಿಪ್ಪು ಮತ್ತು ಊರ ಕಡೆಯ ಸುದ್ದಿ. ಎಲ್ಲವನ್ನೂ ಬರೆದು, ಮೇಲೆ ದುಂಡಗೆ ‘ಉದ್ದೇಶ: ಸಾಧಾರಣ ಗೃಹೋಪಯೋಗ’ ಎಂದು ಬರೆದರು.

ವನಜಾಕ್ಷಿ ಬಿಸಿ ರೊಟ್ಟಿ ಹಾಕುತ್ತ ಕಾದಳು. ಒಂದು ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಯಾರೂ ಅವಳತ್ತ ತಿರುಗಲಿಲ್ಲ.

“ನನ್ನ ಕಾರ್ಡಿಂದೇನ್ರೀ?” ಕಡೆಗೆ ತಾನೇ ಕೇಳಿದಳು.

“ಅದೇನು ದೊಡ್ಡದು? ಈಗ ಎಲ್ಲಾ ಕಂಪ್ಯೂಟರಿನಾಗೂ ಕನ್ನಡ ಇರತೈತಿ. ಹೌದಿಲ್ಲೋ ನಂದೀಶಾ?”

“ಹೂಂ, ಇರತೈತಿ,” ಎಂದ ನಂದೀಶ, ಫೋನಿನಿಂದ ತಲೆ ಎತ್ತದೆ.

ಹಾಳೆ ಮಡಚಿ ಬಸವಂತರ ಅಂಗಿಯ ಜೇಬು ಸೇರಿತು. ಝುಣಕದ ಪಾತ್ರೆ ತಳ ಕಂಡಿತ್ತು. ವನಜಾಕ್ಷಿ ತನಗೆ ಖಾರದ ಪುಡಿ ಮೊಸರು ಕಲಸಿಕೊಂಡಳು.

*

ಮುಂದಿನ ಮೂರು ವಾರ ಆ ಮನೆಯಲ್ಲಿ ಕಂಪ್ಯೂಟರಿನದೇ ಮಾತು. ಬಸವಂತರು ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಸ್ಕೂಟರಿನಲ್ಲಿ ಸೀತಾಬರ್ಡಿಯ ಅಂಗಡಿ ಅಂಗಡಿ ತಿರುಗಿದರು. ಅವರಿಗೆ ಬೇಕಾದದ್ದು ಮೂರು ಕೊಟೇಶನ್ನು, ಮೂರೂ ಮುಚ್ಚಿದ ಲಕೋಟೆಯಲ್ಲಿ, ಅಂಗಡಿಯ ಮೊಹರಿನೊಂದಿಗೆ. ಅಂಗಡಿಯವರು, “ಕಾಕಾ, ವಾಟ್ಸಾಪ್ ಕರ್ ದೇತಾ ಹೂಂ,” ಫೋನಿಗೇ ಕಳಿಸುತ್ತೇನೆಂದು ನಗುತ್ತಿದ್ದರು. ಒಬ್ಬನಂತೂ ಲಕೋಟೆ ಎಂದ ಕೂಡಲೇ ಲಂಚ ಕೇಳುತ್ತಿದ್ದಾರೆಂದು ತಿಳಿದು ಹೊರಗೆ ಕಳಿಸಿದ.

ಮನೆಯಲ್ಲಿ ದಿನಕ್ಕೊಂದು ಜಗಳ.

“ಅಪ್ಪಾ, ಲ್ಯಾಪ್‌ಟಾಪ್ ತಗೋರಿ, ಮುಗದ್ಹೋತು. ಎಲ್ಲಿ ಬೇಕಾದ್ರ ಅಲ್ಲಿ ಒಯ್ಯಬಹುದು.”

“ಒಯ್ಯೂದು ಎಲ್ಲಿಗೆ? ಹಿಂಗಣಾಕ್ಕ? ಮನಿಗೆ ಅಂದ್ರ ಮನ್ಯಾಗ ಕುಂಡ್ರೂ ಸಾಮಾನು ಬೇಕು.”

“ಹಂಗಾದ್ರ ಎಲ್ಲಿ ಕುಂಡ್ರಸೂದು ಅದನ್ನ?” ಹೇಮಲತಾ ಟಿಫಿನ್ ಡಬ್ಬಿ ಮುಚ್ಚುತ್ತ ಕೇಳಿದಳು. “ಅಡಗಿಮನ್ಯಾಗಂತೂ ಬ್ಯಾಡ. ಒಗ್ಗರಣಿ ಹೊಗಿಗೇ ಹಳೇದು ಹಾಳಾತು. ಹಜಾರದಾಗ ಟೀವಿ ಬಾಜೂ ಇಡೋಣು, ಸೌಜನ್ಯಾ ಏನ್ ನೋಡತಾಳಂತನೂ ಕಾಣತೈತಿ.”

“ಮಮ್ಮೀ!” ಎಂದು ಸೌಜನ್ಯಾ ಕಾಲು ಅಪ್ಪಳಿಸಿದಳು.

ಹೇಮಲತಾ ಅಂದದ್ದರಲ್ಲಿ ತಪ್ಪಿರಲಿಲ್ಲ, ವನಜಾಕ್ಷಿ ಅದನ್ನು ಒಪ್ಪಿದಳು. ಆದರೆ ಒಲೆಯ ಮೇಲೆ ಬೇಳೆ ಇಟ್ಟು, ಕುಕ್ಕರು ಮೂರನೇ ಸೀಟಿ ಹೊಡೆಯುವುದರೊಳಗೆ ವಧುವಿನ ಅಜ್ಜನ ಹೆಸರು ಟೈಪು ಮಾಡಿ ಮುಗಿಸುವುದು ಹಜಾರದಲ್ಲಿ ಆಗುವ ಕೆಲಸವಲ್ಲ. ಇದನ್ನು ಹೇಳಲು ಬಾಯಿ ತೆರೆದಳು. ಹೇಮಲತಾ ಆಗಲೇ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದಳು.

ಇತ್ತ ಕಲಾವತಿಬಾಯಿಯ ಕಾರ್ಡು ಕುಂಟುತ್ತಿತ್ತು. ಕಲಾವತಿ ರೈಲ್ವೆ ಗಾರ್ಡರ ಹೆಂಡತಿ, ಹುಬ್ಬಳ್ಳಿ ಕಡೆಯವಳು, ವನಜಾಕ್ಷಿಗೆ ಇಪ್ಪತ್ತು ವರ್ಷದ ಗೆಳತಿ. ನಾಲ್ಕು ವರ್ಷದ ಹಿಂದೆ ಮಗಳ ಮದುವೆಗೆ ವನಜಾಕ್ಷಿ ಮಾಡಿದ ಕಾರ್ಡು ಹುಬ್ಬಳ್ಳಿಯ ಬೀಗರ ಮನೆಯಲ್ಲೂ ಹೆಸರು ಮಾಡಿತ್ತು. “ಹಿರಿಯಾಕೀದು ಹೆಂಗಿತ್ತು ಹಂಗ ಆಗಬೇಕು ನೋಡು ವನಜಾ. ನನ್ನ ಮೈದುನ ಕಾರ್ಡು ನೋಡೇ ಮದುವಿಗೆ ಬರೂ ಮನಶ್ಯಾ,” ಎಂದಿದ್ದಳು. ಆದರೆ ಆ ಮೈದುನ ಹೆಸರುಗಳ ಪಟ್ಟಿಯನ್ನು ಮೂರು ಸಲ ಬದಲಿಸಿದ. ಯಂತ್ರ ಬೆಳಗಿನ ಐದೂವರೆಯಿಂದ ಆರೂವರೆವರೆಗೆ ಮಾತ್ರ ಬದುಕಿರುತ್ತಿತ್ತು. ಆ ಒಂದು ತಾಸಿನಲ್ಲಿ ವನಜಾಕ್ಷಿ ಕೂಲರು ಎಳೆದು, ಕನ್ನಡಕ ಏರಿಸಿ, ನಾಲ್ಕು ಸಾಲು ಹೊಡೆದು, ಮತ್ತೆ ಕೂಲರನ್ನು ಹಜಾರಕ್ಕೆ ದೂಡಿ ಚಹಾಕ್ಕಿಡುತ್ತಿದ್ದಳು. ಸೊಂಟ ಹಿಡಿದುಕೊಳ್ಳುತ್ತಿತ್ತು. ಅಂತೂ ಮೇ ಒಂದರ ಹೊತ್ತಿಗೆ ಕಾರ್ಡು ಮುಗಿಯಿತು, ಮೈದುನನ ಕಡೆಯ ಒಪ್ಪಿಗೆಯೊಂದು ಬರಬೇಕಿತ್ತು. ಮೇ ಐದಕ್ಕೆ ಗಭಣೆಯವರ ಪ್ರೆಸ್ಸಿಗೆ ಮುಟ್ಟಿಸಿದರೆ ಸಾಕು.

ಮೇ ಒಂದರಂದೇ ಬಸವಂತರು ಲಕೋಟೆ ಒಡೆದರು. ದೇವರ ಮುಂದೆ ಮಣೆ ಹಾಕಿ ಕೂತು, ಮೂವರ ಸಾಕ್ಷಿಯಲ್ಲಿ ಒಂದೊಂದಾಗಿ ಓದಿ, ಸ್ಕೇಲಿನಿಂದ ಗೆರೆ ಹೊಡೆದು ದರ ಹೋಲಿಸುವ ತಖ್ತೆ ಮಾಡಿದರು. ಮೂರನೆಯ ಅಂಗಡಿಯದು ಎಲ್ಲಕ್ಕಿಂತ ಕಡಿಮೆ. ಹಳೆಯ ಕಂಪ್ಯೂಟರು ಕೊಟ್ಟರೆ ಇನ್ನೂ ಕಡಿಮೆ.

“ಎಕ್ಸ್‌ಚೇಂಜ್!” ಎಂದರು ಬಸವಂತರು. “ಗುಜರಿಗೂ ಬ್ಯಾಡಾದ ಸಾಮಾನಿಗೆ ಬೆಲಿ ಕೊಡಾಕತ್ತಾರ. ಇದಕ್ಕಂತಾರ ಪದ್ಧತಿ ಅಂತ.”

“ಅದರಾಗ ನನ್ನ ಕಾರ್ಡೆಲ್ಲಾ ಅದಾವ್ರೀ. ಮೊದಲ ಅವನ್ನ ತಗೀಬೇಕು,” ಎಂದಳು ವನಜಾಕ್ಷಿ ಅಡುಗೆಮನೆಯಿಂದ.

“ತಗಿಯೋಣಲ್ಲ. ಡೆಲಿವರಿ ಐದನೇ ತಾರೀಖಿಗೆ ಐತಿ. ನಂದೀಶಗ ಭಾನುವಾರ ರಜಾ.”

ಮೊದಲು ಒಂದು ಪೆನ್‌ಡ್ರೈವಿನಲ್ಲಿ ಎಲ್ಲದರ ನಕಲು ಇತ್ತು. ಅದು ಸೌಜನ್ಯಾಳ ಶಾಲೆಯ ಪ್ರಾಜೆಕ್ಟಿಗೆಂದು ಹೋಗಿ ವಾಪಸ್ಸು ಬಂದಿರಲಿಲ್ಲ.

*

ಮೇ ಮೂರರಂದು ಹೇಮಲತಾ ಅತ್ತೆಯನ್ನು ರಾಮದಾಸಪೇಠ್‌ನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವಾರಗಟ್ಟಲೆ ಬೆಳಗಿನ ಜಾವ ಪರದೆ ನೋಡಿ ವನಜಾಕ್ಷಿಗೆ ಸಾಲುಗಳು ಎರಡೆರಡಾಗಿ ಕಾಣುತ್ತಿದ್ದವು. ಕಣ್ಣಿಗೆ ಔಷಧಿ ಬಿಟ್ಟರು, ಎರಡು ತಾಸು ಕೂರಿಸಿದರು, ಕನ್ನಡಕದ ಹೊಸ ನಂಬರು ಬರೆದುಕೊಟ್ಟರು. ಮಧ್ಯಾಹ್ನ ಎರಡಕ್ಕೆ ಆಟೋದಲ್ಲಿ ಮನೆಗೆ ಬಂದಾಗ ಅವಳಿಗೆ ಇಡೀ ಜಗತ್ತು ಮಂಜುಮಂಜು.

ಹಜಾರದಲ್ಲಿ ಏನೋ ಕಪ್ಪಗೆ ಹೊಳೆಯುತ್ತಿತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಲ್ಲಿಗೆಯ ಮಾಲೆ ಹಾಕಿತ್ತು. ಮುಂದೆ ಒಡೆದ ತೆಂಗಿನಕಾಯಿ.

“ನೋಡಿಲ್ಲಿ! ಎರಡು ದಿನ ಮುಂಚೇನ ಕಳಿಸ್ಯಾರ,” ಎಂದು ಬಸವಂತರು ಕೈ ಚಾಚಿ ತೋರಿಸಿದರು.

ವನಜಾಕ್ಷಿ ನೇರ ಅಡುಗೆಮನೆಗೆ ಹೋದಳು. ಮೂಲೆಯಲ್ಲಿ ನೆಲದ ಮೇಲೆ ಚೌಕಾಕಾರದ ಧೂಳಿನ ಗುರುತಿತ್ತು. ಅದನ್ನು ಕೈಯಿಂದ ಮುಟ್ಟಿ ನೋಡಿದಳು. ಕಣ್ಣು ಮಂಜಾಗಿದ್ದರಿಂದ ನಂಬಿಕೆ ಬರಲಿಲ್ಲ.

“ಹಳೇದೆಲ್ಲಿ?”

“ಅವ್ರು ಒಯ್ದ್ರು. ಎಕ್ಸ್‌ಚೇಂಜ್ ಅಲ್ಲೇನು?”

“ನನ್ನ ಕಾರ್ಡು?”

ಸೌಜನ್ಯಾ ಮೌಸ್ ಹಿಡಿದಿದ್ದವಳು ಕೈಬಿಟ್ಟಳು.

“ಅಂಗಡಿ ಹುಡುಗ್ರು ಕೇಳಿದ್ರು,” ಬಸವಂತರು ಮಾಲೆ ಸರಿಪಡಿಸುತ್ತ ಹೇಳಿದರು, “ಇದರಾಗ ಏನರ ಬೇಕಾದ್ದು ಐತೇನು ಅಂತ. ಒಂದು ಫಾರಂ ಇತ್ತು. ಅವ್ರಿಗೆ ಗಡಿಬಿಡಿ ಇತ್ತು... ನಾ ಏನೂ ಇಲ್ಲ ಅಂತ ಸಹಿ ಹಾಕಿದೆ.”

“ಫೋನ್ ಹಚ್ಚಬಾರದಾಗಿತ್ತೇನು ಮಾವಾರ?” ಎಂದಳು ಹೇಮಲತಾ.

“ತಲಿಗೇ ಬರಲಿಲ್ಲ,” ಎಂದರು ಬಸವಂತರು. ಅದು ಸುಳ್ಳಲ್ಲವೆಂದು ವನಜಾಕ್ಷಿಗೆ ಗೊತ್ತಿತ್ತು. ಸುಳ್ಳಾಗಿದ್ದರೇ ಚೆನ್ನಾಗಿತ್ತು.

ಅವಳು ನೀರು ಕುಡಿದು, ಲೋಟ ಬೋರಲು ಹಾಕಿ, ಮೆಲ್ಲಗೆ ಕೇಳಿದಳು: “ಆ ಫಾರಂ ಮ್ಯಾಲೆ ಬಳಕೆದಾರರ ಸಹಿ ಅಂತ ಇತ್ತೋ ಇಲ್ಲೋ?”

“... ಇತ್ತು.”

“ಅಲ್ಲಿ ಯಾರ ಸಹಿ ಐತಿ?”

ವನಜಾಕ್ಷಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ದಿನ ಹೇಮಲತಾ ಲ್ಯಾಬಿಗೆ ಅರ್ಧ ದಿನದ ರಜೆ ಹಾಕಿ ತಾನೇ ಅನ್ನ ಸಾರು ಮಾಡಿದಳು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಮಾರನೆಯ ದಿನದಿಂದ ವನಜಾಕ್ಷಿ ಹೊಸ ಯಂತ್ರದ ಮುಂದೆ ಕೂತಳು. ಕನ್ನಡ ಇತ್ತು, ಇಲ್ಲವೆಂದಲ್ಲ. ಆದರೆ ಕೀಲಿಗಳು ಬೇರೆ. ಗದಗಿನಲ್ಲಿ ಕಲಿತ ಬೆರಳು ಒಂದು ಕಡೆ ಹೋದರೆ ಪರದೆಯ ಮೇಲೆ ಮತ್ತೊಂದು ಬೀಳುತ್ತಿತ್ತು. ನಂದೀಶ ರಜೆಯ ದಿನ ಹಳೆಯ ಸಾಫ್ಟ್‌ವೇರು ಹಾಕಲು ನೋಡಿದ, ಹೊಸ ಯಂತ್ರ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಟೀವಿಯಲ್ಲಿ ಕ್ರಿಕೆಟ್ಟು, ಪಕ್ಕದಲ್ಲಿ ಸೌಜನ್ಯಾಳ ಅವಸರ, ಒಳಗೆ ಹೊತ್ತುವ ಪಲ್ಯ. ಮೂರು ದಿನದಲ್ಲಿ ಹನ್ನೆರಡು ಹೆಸರಾದವು, ಇನ್ನೂ ಇಪ್ಪತ್ತೆಂಟು ಬಾಕಿ. ಕಲಾವತಿಗೆ ಫೋನ್ ಮಾಡಿ ಎರಡು ದಿನ ಹೆಚ್ಚಿಗೆ ಕೇಳಿದಳು, ಮತ್ತೆ ಎರಡು ದಿನ ಕೇಳಿದಳು.

“ಆಗಲಿ ಬಿಡು ವನಜಾ, ನೀ ತ್ರಾಸ ಮಾಡ್ಕೋಬ್ಯಾಡ,” ಎಂದಳು ಕಲಾವತಿ. ಆ ಮಾತಿನ ಮೃದುತ್ವಕ್ಕೇ ವನಜಾಕ್ಷಿಗೆ ಹೆದರಿಕೆಯಾಯಿತು.

*

ಮೇ ಹನ್ನೊಂದರ ಸಂಜೆ ಕಲಾವತಿ ಗಂಡನೊಡನೆ ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು, ಬಗಲಲ್ಲಿ ಕಾರ್ಡುಗಳ ಚೀಲ. ವನಜಾಕ್ಷಿಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ ಕೊಬ್ಬರಿ ಹಾಕಿ, ಕಾರ್ಡು ಕೈಗಿಟ್ಟಳು.

“ಎಲ್ಲಾರೂ ಬರಬೇಕು ಮತ್ತ. ನೀ ಅಂತೂ ಹಿಂದಿನ ದಿನಾನ ಬರಬೇಕು.”

ಕಾರ್ಡು ಮರಾಠಿಯಲ್ಲಿತ್ತು. ಮಧ್ಯದಲ್ಲಿ ಚಿನ್ನದ ಬಣ್ಣದ ಗಣಪತಿ, ಕೆಳಗೆ ಇಂಗ್ಲಿಷಿನಲ್ಲಿ ಕಲ್ಯಾಣಮಂಟಪದ ವಿಳಾಸ.

“ಹೊತ್ತಾತಲ್ಲ, ಅದಕ್ಕ ಇಲ್ಲೇ ಒಂದು ಕಡೆ ಮಾಡಿಸಿದ್ವಿ,” ಕಲಾವತಿ ವನಜಾಕ್ಷಿಯ ಮುಖ ನೋಡದೆ ಹೇಳಿದಳು. “ಮೈದುನ ಒಂದೀಟು ಒದರಾಡಿದ. ನಾನಂದೆ, ಹುಡುಗ್ರಿಗೆ ಹೆಂಗೂ ಕನ್ನಡ ಓದಾಕ ಬರಂಗಿಲ್ಲ. ಇನ್ನ ಮ್ಯಾಲೆ ಹಿಂಗ ಸರಳ ಅನಸ್ತೈತಿ.”

“ಚಂದ ಬಂದೈತಿ,” ಎಂದಳು ವನಜಾಕ್ಷಿ. ಬೇರೆ ಏನು ಹೇಳಲಿಕ್ಕಿತ್ತು? ಚಹಾ ಮಾಡಿದಳು, ಅವಲಕ್ಕಿ ಚೂಡಾ ಕೊಟ್ಟಳು, ಬಾಗಿಲತನಕ ಹೋಗಿ ಬೀಳ್ಕೊಟ್ಟಳು.

ಅವಳು ಒಳಗೆ ಬಂದಾಗ ಸೌಜನ್ಯಾ ಕಾರ್ಡು ಹಿಡಿದು ಮೊದಲಿನಿಂದ ಕಡೆವರೆಗೆ ಗಡಗಡ ಓದುತ್ತಿದ್ದಳು. ಹುಟ್ಟಿದಾಗಿನಿಂದ ಮನೆಗೆ ಬಂದ ಕನ್ನಡದ ಕಾರ್ಡುಗಳನ್ನೆಲ್ಲ ಆ ಹುಡುಗಿ ಅಜ್ಜಿಯ ಕೈಗೆ ಕೊಟ್ಟು ‘ಏನೈತಿ ಇದರಾಗ’ ಎಂದು ಕೇಳುತ್ತಿದ್ದಳು. ಈ ಸಲ ಕೇಳಬೇಕಾಗಲಿಲ್ಲ.

“ಕಿತಿ ಈಝಿ ಆಹೇ ಅಜ್ಜಿ! ಎಲ್ಲಾ ತಿಳೀತು ನನಗ.”

ವನಜಾಕ್ಷಿ ಕಪ್ಪುಗಳನ್ನು ಎತ್ತಿಕೊಂಡು ಪಾತ್ರೆ ತೊಳೆಯುವ ಮೋರಿಗೆ ಹೋದಳು. ತೊಳೆಯುತ್ತ ತೊಳೆಯುತ್ತ ಅಳು ಬಂತು. ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ತಿರುಗಿದಾಗ ಬಾಗಿಲಲ್ಲಿ ಬಸವಂತರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ನಾಳೆ ಅಂಗಡಿಗೆ ಹೋಗಿ ಬರ್ತೇನಿ,” ಎಂದರು.

“ಹೋಗಿ ಏನ್ ಮಾಡ್ತೀರಿ? ನೀವೇ ಸಹಿ ಹಾಕಿ ಕೊಟ್ಟೀರಿ. ಅವ್ರದೇನು ತಪ್ಪು?”

“ತಪ್ಪಿಲ್ಲ. ಆದ್ರೂ ಹೋಗ್ತೇನಿ.”

ಮರುದಿನ ಊಟ ಬಿಟ್ಟು ಬೆಳಿಗ್ಗೆ ಹತ್ತಕ್ಕೆ ಹೋದವರು ಸಂಜೆ ಐದಕ್ಕೆ ಬಂದರು. ಮುಖ ಇದ್ದಲಿನಂತಾಗಿತ್ತು. ಹಳೆಯ ಯಂತ್ರಗಳೆಲ್ಲ ಲಾಟಿನಲ್ಲಿ ಗುಜರಿಗೆ ಹೋಗಿ ವಾರವಾಗಿತ್ತಂತೆ. ಗುಜರಿಯವನು ಒಡೆದ ಕಂಪ್ಯೂಟರುಗಳ ರಾಶಿ ತೋರಿಸಿ, ‘ಹುಡುಕಿಕೊಳ್ಳಿ ಕಾಕಾ’ ಎಂದನಂತೆ. ಬಸವಂತರು ಆ ಬಿಸಿಲಲ್ಲಿ ಒಂದೂವರೆ ತಾಸು ಹುಡುಕಿದರಂತೆ.

ಆದರೆ ಬರಿಗೈಯಲ್ಲಿ ಬಂದಿರಲಿಲ್ಲ. ಸ್ಕೂಟರಿನಿಂದ ಹಳೆಯ ಪೇಪರಿನಲ್ಲಿ ಸುತ್ತಿದ್ದ ದಪ್ಪ ಪುಸ್ತಕವೊಂದನ್ನು ಇಳಿಸಿದರು. ಮಹಾಲ್‌ನ ಗಭಣೆಯವರ ನಮೂನೆಯ ಆಲ್ಬಮ್ಮು ಅದು. ಇಷ್ಟು ವರ್ಷದಲ್ಲಿ ಅಚ್ಚಾದ ವನಜಾಕ್ಷಿಯ ಕನ್ನಡದ ಕಾರ್ಡುಗಳೆಲ್ಲದರ ಒಂದೊಂದು ಪ್ರತಿ ಅಂಟಿಸಿಟ್ಟಿದ್ದರು, ಗಿರಾಕಿಗಳಿಗೆ ತೋರಿಸಲು.

“ಎರವಲು ಕೊಟ್ಟಾರ. ರಸೀದಿ ಬರದು ಕೊಟ್ಟು ಬಂದೀನಿ,” ಎಂದರು.

ವನಜಾಕ್ಷಿ ಪುಟ ಮಗುಚಿದಳು. ಕಲಾವತಿಯ ಮಗಳ ಕಾರ್ಡು ಸಿಕ್ಕಿತು. ಸ್ವಲ್ಪ ಹೊತ್ತು ಅದರ ಮೇಲೆ ಕೈಯಾಡಿಸಿ ಮುಚ್ಚಿದಳು.

“ಇದೆಲ್ಲಾ ಮತ್ತ ಮೊದಲಿಂದ ಹೊಡಿಯೋರು ಯಾರ್ರೀ? ನನಗ ಅರವತ್ತು ಆದವು.”

ಬಸವಂತರು ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. “ಮಜ್ಜಿಗಿ ಐತೇನು?” ಎಂದರು. ಅವಳು ಎರಡು ಲೋಟ ಕೊಟ್ಟಳು. ನಿಂತೇ ಕುಡಿದರು.

*

ಭಾನುವಾರ ಬೆಳಿಗ್ಗೆ ವನಜಾಕ್ಷಿ ರೊಟ್ಟಿ ಬಡಿಯುತ್ತಿದ್ದಾಗ ಹಜಾರದಲ್ಲಿ ಏನೋ ಎಳೆದಾಡುವ ಸದ್ದಾಯಿತು. ನಂದೀಶ ಮತ್ತು ಬಸವಂತರು ಕಂಪ್ಯೂಟರಿನ ಮೇಜನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಹೇಮಲತಾ ಹಿಂದಿನಿಂದ ತಂತಿಗಳನ್ನು ಹಿಡಿದಿದ್ದಳು.

“ಒಗ್ಗರಣಿ ಹೊಗಿ?” ಎಂದಳು ವನಜಾಕ್ಷಿ.

“ಒಂದು ಪ್ಲಾಸ್ಟಿಕ್ ಕವರ್ ಹೊಲಿಸ್ತೇನ್ರೀ ಅತ್ತಿ. ಸೌಜನ್ಯಾ ತನ್ನ ಕೆಲಸಕ್ಕ ಇಲ್ಲೇ ಬಂದು ಕುಂಡ್ರತಾಳ,” ಎಂದಳು ಹೇಮಲತಾ. ಹಜಾರದಿಂದ ಸೌಜನ್ಯಾ ಏನೋ ಮರಾಠಿಯಲ್ಲಿ ಗೊಣಗಿದ್ದು ಕೇಳಿಸಿತು.

ಎಲ್ಲ ಜೋಡಿಸಿ ಮಗ ಸೊಸೆ ಹೋದ ಮೇಲೆ ಬಸವಂತರು ಅಲ್ಲೇ ನಿಂತರು. ಅಂಗಿಯ ಜೇಬಿನಿಂದ ಹಾಳೆಯೊಂದನ್ನು ತೆಗೆದು, ಮಡಿಕೆ ಬಿಡಿಸಿ, ಆಲ್ಬಮ್ಮಿನ ಮೇಲಿಟ್ಟು ಮುಂದೆ ಹಿಡಿದರು. ಸ್ಕೇಲಿನಿಂದ ಗೆರೆ ಹೊಡೆದ ‘ಸರಕು ಸ್ವೀಕೃತಿ ಪತ್ರ’. ಪೆಟ್ಟಿಗೆ ಒಂದು, ಪರದೆ ಒಂದು, ಕೀಲಿಮಣೆ ಒಂದು, ಮೌಸ್ ಒಂದು. ಕೆಳಗೆ ಮೂರು ಚೌಕ. ಅದರ ಕೆಳಗೆ ‘ಬಳಕೆದಾರರ ಸಹಿ’, ಮುಂದೆ ಖಾಲಿ ಜಾಗ.

“ಇದು ಮೊದಲ ಆಗಬೇಕಿತ್ತು,” ಎಂದರು. “ತಿರಸ್ಕೃತ ಅಂತ ಹಾಕಿದ್ರೂ ನಡೀತೈತಿ. ವಾಪಸ್ ಒಯ್ದು ಕೊಟ್ಟು ಬರ್ತೇನಿ.”

ವನಜಾಕ್ಷಿ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು. ಕೊಟ್ಟು ಬಂದರೆ ಏನಾಯಿತು? ಹಳೆಯದು ಬರುವುದಿಲ್ಲ. ಹೊಸದಿಲ್ಲದಿದ್ದರೆ ಇಷ್ಟೂ ಇಲ್ಲ. ಪೆನ್ನು ಇಸಿದುಕೊಂಡು ಮೂರನೆಯ ಚೌಕಕ್ಕೆ ಗುರುತು ಹಾಕಿದಳು, ಕೊರತೆಯೊಡನೆ ಅಂಗೀಕೃತ. ಕೊರತೆಯೆಂದು ಬಿಟ್ಟಿದ್ದ ಸಾಲಿನಲ್ಲಿ ನಿಧಾನವಾಗಿ ಬರೆದಳು:

‘ಬಳಸುವವರನ್ನು ಕೇಳಿಲ್ಲ.’

ಕೆಳಗೆ ತನ್ನ ಹೆಸರು ಬರೆದು ಹಾಳೆ ತಿರುಗಿಸಿ ಕೊಟ್ಟಳು.

ಬಸವಂತರು ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಓದಿದರು. ಮೂವತ್ನಾಲ್ಕು ವರ್ಷ ಹಾಕದೆ ಉಳಿಸಿಕೊಂಡು ಬಂದಿದ್ದ ಆ ಸಹಿಯನ್ನು, ಅಡುಗೆಮನೆಯ ಕಟ್ಟೆಗೆ ಹಾಳೆ ಒತ್ತಿಹಿಡಿದು, ಬಗ್ಗಿ, ಪೂರ್ತಿ ಹೆಸರಿನೊಂದಿಗೆ ಹಾಕಿದರು. ತಾರೀಖನ್ನೂ ಬರೆದರು.

“ನಕಲು ನನಗ,” ಎಂದರು. “ಅಸಲೀದು ನಿನ್ನ ಕಡೆ ಇರಲಿ.”

ವನಜಾಕ್ಷಿ ಹಾಳೆಯನ್ನು ಆಲ್ಬಮ್ಮಿನ ಮೊದಲ ಪುಟದಲ್ಲಿಟ್ಟಳು. ತವೆಯ ಮೇಲಿನ ರೊಟ್ಟಿ ಒಂದು ಕಡೆ ಕರಕಲಾಗಿತ್ತು. ಅದನ್ನು ಮಗುಚಿ ಹಾಕಿ, ಗಂಡನಿಗೆ ಕೂರಲು ಹೇಳಿದಳು.